ಬಾಳೆಹಣ್ಣಿನಷ್ಟುದ್ದದ ಅಲೆ

ಯುಗಾದಿ ಕಳೆದು ಎರಡು ವಾರವಾಗಿತ್ತು. ಕಲಬುರಗಿಯ ಬ್ರಹ್ಮಪುರದಿಂದ ಅಕ್ಕ ಫೋನ್ ಮಾಡಿದಳು. “ಹುಡುಗಿ ಲ್ಯಾಪ್‌ಟಾಪಿಗೆ ನೆಟ್ ಬರವಲ್ದು. ಪಡಸಾಲ್ಯಾಗ ಬರ್ತದ, ಒಳಗ ಹೋದ್ರ ಬರಂಗಿಲ್ಲ. ಹೋದ ತಿಂಗಳ ತನಕ ಬರೋಬ್ಬರಿ ಇತ್ತು.”

ಅವರದು ಹಳೆಯ ಮನೆ. ಎರಡಡಿ ದಪ್ಪದ ಕಲ್ಲಿನ ಗೋಡೆ, ಕೆಳಗೆ ಶಹಾಬಾದಿ ಪರಸಿ. ಹೊರಗೆ ಬಿಸಿಲು 42, 43 ಡಿಗ್ರಿ ಮುಟ್ಟುವ ದಿನಗಳಲ್ಲೂ ಒಳಕೋಣೆ ತಂಪಾಗಿರುತ್ತದೆ. ಹುಡುಗಿ ಓದಲು ಕೂರುವುದು ಅಲ್ಲೇ. ರೂಟರ್ ಇರುವುದು ಪಡಸಾಲೆಯ ಗೋಡೆಯ ಗೂಡಿನಲ್ಲಿ. ಹಿಂದೆ ದೀಪ ಇಡುತ್ತಿದ್ದ ಗೂಡು ಅದು. ಫೈಬರ್ ತಂತಿ ಬೀದಿಯಿಂದ ಒಳಬಂದದ್ದು ಆ ಮೂಲೆಯಲ್ಲಿ, ಆದ್ದರಿಂದ ರೂಟರ್ ಕೂಡ ಅಲ್ಲೇ ಕೂತಿತು. ನಮ್ಮ ಬಹುಪಾಲು ಮನೆಗಳಲ್ಲಿ ರೂಟರಿನ ಜಾಗ ನಿಶ್ಚಯವಾಗುವುದು ಹೀಗೆ. ತಂತಿ ಎಲ್ಲಿ ಮುಗಿಯಿತೋ ಅಲ್ಲೇ ಮೊಳೆ ಹೊಡೆದು ನೇತುಹಾಕುತ್ತಾರೆ. ಅದು ತಂತಿಗೆ ಅನುಕೂಲದ ಜಾಗ, ಲ್ಯಾಪ್‌ಟಾಪಿಗಲ್ಲ.

ನಾನು ಹೋದವನೇ ಮೊದಲು ಮಾಡಿದ ಕೆಲಸ, ಲ್ಯಾಪ್‌ಟಾಪನ್ನು ಗೂಡಿನ ಹತ್ತಿರ ತಂದು ಕೇಬಲ್ಲಿನಿಂದ ರೂಟರಿಗೆ ಜೋಡಿಸಿದ್ದು. ಎಲ್ಲ ಪುಟಗಳೂ ತಟ್ಟನೆ ತೆರೆದುಕೊಂಡವು. ನಾವು ‘ನೆಟ್’ ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎರಡು ದಾರಿಗಳಿವೆ. ಊರಾಚೆಯಿಂದ ನಿಮ್ಮ ಮನೆಯ ರೂಟರಿನವರೆಗೆ ಬರುವ ದಾರಿ ಒಂದು, ರೂಟರಿನಿಂದ ನಿಮ್ಮ ಮಡಿಲಿನ ಲ್ಯಾಪ್‌ಟಾಪಿಗೆ ಬರುವ ದಾರಿ ಇನ್ನೊಂದು. ಮೊದಲನೆಯದನ್ನು ಕಂಪನಿಯವರು ನೋಡಿಕೊಳ್ಳುತ್ತಾರೆ. ಎರಡನೆಯದು ಪೂರ್ತಿ ನಿಮ್ಮದು. ವೈಫೈ ಅಂದರೆ ಆ ಎರಡನೆಯ ದಾರಿ ಮಾತ್ರ. ಕೇಬಲ್ಲಿನಲ್ಲಿ ಸರಿಯಿದ್ದು ಗಾಳಿಯಲ್ಲಿ ಕೆಟ್ಟಿದ್ದರೆ, ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಒಳಕೋಣೆಯಲ್ಲಿ ಏನೂ ಬದಲಾಗುವುದಿಲ್ಲ. ಹಾಗೆ ದುಡ್ಡು ಕಳೆದುಕೊಂಡ ಎಷ್ಟೋ ಮನೆಗಳನ್ನು ನಾನು ಕಂಡಿದ್ದೇನೆ.

ಲ್ಯಾಪ್‌ಟಾಪ್ ಎತ್ತಿಕೊಂಡು ಒಳಕೋಣೆಯ ಕಡೆ ನಡೆದೆ. ಬಾಗಿಲಲ್ಲಿ ಕಾಲು ತಡೆಯಿತು. ಪಡಸಾಲೆಗೂ ಒಳಕೋಣೆಗೂ ನಡುವಿನ ಬಾಗಿಲಿಗೆ ಅಡ್ಡಲಾಗಿ ತಗಡಿನ ಕೂಲರ್ ನಿಂತಿತ್ತು. ಯುಗಾದಿ ಆದ ಮೇಲೆ ಅಟ್ಟದಿಂದ ಇಳಿಸಿದ್ದರಂತೆ. ಎದೆಮಟ್ಟದ ಕಬ್ಬಿಣದ ಪೆಟ್ಟಿಗೆ, ಅದರ ಮೈತುಂಬ ಒದ್ದೆ ಹುಲ್ಲು, ತಳದಲ್ಲಿ ನಾಲ್ಕೈದು ಕೊಡ ನೀರು.

ಆ ಕೂಲರ್ ಮಾಡಿದ್ದೇನೆಂದು ತಿಳಿಯಲು ವೈಫೈ ಅಲೆ ಎಂಥದ್ದು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅದು ಬೆಳಕಿನದೇ ಜಾತಿ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ವಿದ್ಯುತ್ಕಾಂತೀಯ ಅಲೆ. ನಮ್ಮ ಕಣ್ಣಿಗೆ ಕಾಣದಷ್ಟು ಉದ್ದ, ಅಷ್ಟೇ ವ್ಯತ್ಯಾಸ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯನ್ನು ನಮ್ಮ ಹಿಂದಿನ ತಲೆಮಾರು ಮೀಡಿಯಂ ವೇವಿನಲ್ಲಿ 1107 ಕಿಲೋಹರ್ಟ್ಸಿಗೆ ಮುಳ್ಳು ತಿರುಗಿಸಿ ಕೇಳುತ್ತಿತ್ತು. ಆ ಅಲೆಯ ಉದ್ದ ಸುಮಾರು 271 ಮೀಟರ್. ಅಂಥ ಅಲೆಗೆ ನಮ್ಮ ಮನೆಯೇ ಒಂದು ಹರಳು, ಸುತ್ತುವರಿದು ಮುಂದಕ್ಕೆ ಹೋಗಿಬಿಡುತ್ತದೆ. ವೈಫೈ ಬಳಸುವುದು 2.4 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಅದರಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ: ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಕಮಲಾಪುರದ ಒಂದು ಕೆಂಪು ಬಾಳೆಹಣ್ಣನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ. ಹೆಚ್ಚುಕಡಿಮೆ ಅಷ್ಟೇ ಉದ್ದ. ಹೊಸ ರೂಟರುಗಳಲ್ಲಿರುವ ಇನ್ನೊಂದು ಪಟ್ಟಿ 5 ಗಿಗಾಹರ್ಟ್ಸಿನದು, ಅದರ ಅಲೆ ಅರ್ಧ ಹಣ್ಣಿನಷ್ಟು.

ಇಷ್ಟು ಗಿಡ್ಡ ಅಲೆಗೆ ಗೋಡೆ, ಅಲಮಾರಿ, ಕೂಲರ್ ಎಲ್ಲವೂ ದೊಡ್ಡ ಅಡ್ಡಿಗಳೇ. ಲೋಹ ಸಿಕ್ಕರೆ ಕನ್ನಡಿಗೆ ಬಡಿದ ಬೆಳಕಿನಂತೆ ತಿರುಗುತ್ತದೆ. ಕಲ್ಲು, ಇಟ್ಟಿಗೆ ಸಿಕ್ಕರೆ ಒಂದು ಪಾಲು ತಿರುಗುತ್ತದೆ, ಒಂದು ಪಾಲು ಒಳಗೇ ಬಿಸಿಯಾಗಿ ಕರಗುತ್ತದೆ, ಉಳಿದದ್ದು ಆಚೆ ದಾಟುತ್ತದೆ. ಗೋಡೆಯಾಚೆಗೆ ಇಂಥ ಗಿಡ್ಡ ಅಲೆ ಹೋಗಬಲ್ಲದೆಂದು ನಮ್ಮ ದೇಶದಲ್ಲಿ ಮೊದಲು ಮಾಡಿ ತೋರಿಸಿದವರು ಜಗದೀಶಚಂದ್ರ ಬೋಸ್. 1895ರ ಸುಮಾರಿಗೆ ಕಲ್ಕತ್ತೆಯ ಟೌನ್ ಹಾಲಿನಲ್ಲಿ ತಂತಿಯಿಲ್ಲದೆ ಗೋಡೆ ದಾಟಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ಅವರು ಪ್ರಯೋಗಕ್ಕೆ ಬಳಸುತ್ತಿದ್ದ ಅಲೆಗಳಲ್ಲಿ ಕೆಲವು ಬರೀ 5 ಮಿಲಿಮೀಟರ್ ಉದ್ದದವು.

ಇನ್ನು ನೀರು. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುದಿ ತುಸು ಋಣ. ಅಲೆ ಹಾದುಹೋಗುವಾಗ ಅದರ ಜೊತೆಗೆ ಹೊರಳಲು ಹೋಗಿ ಅಣುಗಳು ಒಂದಕ್ಕೊಂದು ತಿಕ್ಕಾಡುತ್ತವೆ, ಅಲೆಯ ಶಕ್ತಿ ಬಿಸಿಯಾಗಿ ಮುಗಿಯುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗುವುದು ಹೀಗೆಯೇ, ಅದರ ಕಂಪನಾಂಕವೂ 2.45 ಗಿಗಾಹರ್ಟ್ಸ್. ನೀರು ಈ ಒಂದು ಕಂಪನಾಂಕವನ್ನೇ ಆರಿಸಿ ನುಂಗುತ್ತದೆ ಎಂದು ಅನೇಕರು ಬರೆಯುತ್ತಾರೆ, ಅದು ತಪ್ಪು. ಕಂಪನಾಂಕ 20 ಗಿಗಾಹರ್ಟ್ಸಿನ ಆಸುಪಾಸಿಗೆ ಏರುವವರೆಗೂ ನೀರಿನ ಹಸಿವು ಹೆಚ್ಚುತ್ತಲೇ ಹೋಗುತ್ತದೆ.

ಅಂದರೆ ಅಕ್ಕನ ಮನೆಯಲ್ಲಿ ಅಷ್ಟು ದಿನ ಅಲೆ ಒಳಕೋಣೆಗೆ ಬರುತ್ತಿದ್ದದ್ದು ಗೋಡೆಯೊಳಗಿಂದಲ್ಲ, ತೆರೆದ ಬಾಗಿಲಿನಿಂದ. ಪಡಸಾಲೆಯ ಗೋಡೆಗಳಿಗೆ ಬಡಿದು ಬಡಿದು ಹೇಗೋ ಬಾಗಿಲು ಹುಡುಕಿಕೊಂಡು ನುಗ್ಗುತ್ತಿತ್ತು. ಯುಗಾದಿ ಆದಮೇಲೆ ಆ ಬಾಗಿಲಿಗೆ ಲೋಹ ಮತ್ತು ನೀರು ಎರಡನ್ನೂ ಸೇರಿಸಿ ಮುಚ್ಚಳ ಹಾಕಿದಂತಾಯಿತು. ಬಿಸಿಲನ್ನು ಒಳಗೆ ಬಿಡದ ಆ ದಪ್ಪ ಕಲ್ಲು ಅಲೆಯನ್ನೂ ಬಿಡುತ್ತಿರಲಿಲ್ಲ.

ಇದನ್ನೆಲ್ಲ ಊಹೆಗೆ ಬಿಡಬೇಕಾಗಿಲ್ಲ, ಅಳೆಯಬಹುದು. ಮೊಬೈಲಿಗೆ ವೈಫೈ ಅಳೆಯುವ ಉಚಿತ ಆ್ಯಪುಗಳು ಸಿಗುತ್ತವೆ. ತೆರೆದರೆ −50, −70 ಎಂಬಂಥ ಸಂಖ್ಯೆ ಕಾಣುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಈ ಲೆಕ್ಕದಲ್ಲಿ 3 ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದು ಪಾಲಾಯಿತು ಎಂದರ್ಥ. ಬರಿ ಬಯಲಿನಲ್ಲಿ ದೂರ ಎರಡುಪಟ್ಟಾದರೆ 6 ಇಳಿಯುತ್ತದೆ. −65ರ ಒಳಗಿದ್ದರೆ ವಿಡಿಯೋ ಪಾಠ ನಿಶ್ಚಿಂತೆಯಿಂದ ನಡೆಯುತ್ತದೆ, −80 ದಾಟಿದರೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಈ ಸಂಖ್ಯೆಗಳ ಹಿಂದಿನ ಸೂಕ್ಷ್ಮ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ರೂಟರ್ ಹೊರಬಿಡುವುದು ಹೆಚ್ಚುಕಡಿಮೆ ಒಂದು ವ್ಯಾಟಿನ ಹತ್ತನೇ ಒಂದು ಪಾಲು. −70ರಲ್ಲಿ ಲ್ಯಾಪ್‌ಟಾಪಿಗೆ ಸಿಗುವುದು ಅದರ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೇ ಅದು ಅಕ್ಷರ, ಚಿತ್ರ, ಮೇಷ್ಟ್ರ ದನಿ ಎಲ್ಲವನ್ನೂ ಹೆಕ್ಕಿ ತೆಗೆಯುತ್ತದೆ.

ನಾನು ಅಳೆದದ್ದು: ಪಡಸಾಲೆಯಲ್ಲಿ −46. ಒಳಕೋಣೆಯ ಮಂಚದ ಮೇಲೆ, ಕೂಲರ್ ಇದ್ದಾಗ −83. ಕೂಲರನ್ನು ಪಕ್ಕಕ್ಕೆ ತಳ್ಳಿದಾಗ −66. ಹುಡುಗಿ ಸಂಖ್ಯೆ ಬದಲಾದದ್ದನ್ನು ನೋಡಿ ತಾನೇ ಮೊಬೈಲ್ ಕಸಿದುಕೊಂಡು ಮನೆಯೆಲ್ಲ ಓಡಾಡಿದಳು. ಕಬ್ಬಿಣದ ಅಲಮಾರಿಯ ಹಿಂದೆ, ನೀರಿನ ಡ್ರಮ್ಮಿನ ಮರೆಯಲ್ಲಿ, ಕನ್ನಡಿಯ ಎದುರು. ಮಂಚದ ಮೇಲೆ ಲ್ಯಾಪ್‌ಟಾಪನ್ನು ನಾಲ್ಕು ಬೆರಳು ಆಚೆ ಸರಿಸಿದರೆ ಸಂಖ್ಯೆ ಏಳೆಂಟು ಏರಿಳಿಯುವುದನ್ನೂ ಕಂಡುಹಿಡಿದಳು. ಅದು ಆಕಸ್ಮಿಕವಲ್ಲ. ಬೇರೆ ಬೇರೆ ಗೋಡೆಗೆ ಬಡಿದು ಬಂದ ಅಲೆಗಳು ಒಂದೆಡೆ ಕೂಡಿಕೊಂಡು ಬಲವಾಗುತ್ತವೆ, ಕೆಲವೇ ಸೆಂಟಿಮೀಟರ್ ಆಚೆಗೆ ಒಂದನ್ನೊಂದು ಅಳಿಸಿಹಾಕುತ್ತವೆ.

ಬೇಸಿಗೆಯಲ್ಲಿ ಕಲಬುರಗಿಯ ಮಂದಿಗೆ ಕೂಲರ್ ತೆಗೆಯಿರಿ ಅನ್ನುವುದು ಸಾಧ್ಯವಿಲ್ಲ. ರೂಟರನ್ನೇ ಸರಿಸಬೇಕು. ಗೂಡಿನಲ್ಲಿದ್ದರೆ ಮೂರು ಕಡೆ ಕಲ್ಲು, ಇದಕ್ಕಿಂತ ಕೆಟ್ಟ ಜಾಗ ಆ ಮನೆಯಲ್ಲಿ ಇರಲಿಲ್ಲ. ಆದರೆ ಫೈಬರ್ ತಂತಿಯನ್ನು ಎಳೆದಾಡಬಾರದು, ಅದರೊಳಗಿರುವುದು ಗಾಜಿನ ಎಳೆ, ಮುರುಟಿದರೆ ಬೆಳಕು ಸೋರುತ್ತದೆ. ಹಾಗಾಗಿ ಫೈಬರ್ ಬಂದು ಸೇರುವ ಮೊದಲ ರೂಟರನ್ನು ಗೂಡಿನಲ್ಲೇ ಬಿಟ್ಟು, ಅಲ್ಲಿಂದ ಹತ್ತು ಮೀಟರ್ ಈಥರ್ನೆಟ್ ಕೇಬಲ್ಲನ್ನು ಬಾಗಿಲ ಚೌಕಟ್ಟಿನ ಮೇಲೆ ಹಾಯಿಸಿ ಒಳಕೋಣೆಯ ಅಟ್ಟದ ಮೇಲೆ ಎರಡನೇ ರೂಟರ್ ಇಟ್ಟೆವು. ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯದೇ ಸಾಕಾಯಿತು. ಹೀಗೆ ಕೇಬಲ್ಲಿನಿಂದ ಜೋಡಿಸಿದ ಎರಡನೇ ರೂಟರಿನಲ್ಲಿ ಒಂದು ಎಚ್ಚರ ಬೇಕು. ಮನೆಯ ಪ್ರತಿ ಉಪಕರಣಕ್ಕೂ 192.168 ಎಂದು ಶುರುವಾಗುವ ಒಂದು ಮನೆನಂಬರು ಬೇಕು, ಅದನ್ನು ಹಂಚುವ ಕೆಲಸದ ಹೆಸರು ಡಿಎಚ್‌ಸಿಪಿ. ಒಂದೇ ಓಣಿಗೆ ಇಬ್ಬರು ಮನೆನಂಬರು ಕೊಡುತ್ತ ಹೋದರೆ ಕಾಗದ ತಲುಪದು. ಎರಡನೇ ರೂಟರಿನಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ಅದನ್ನು ಬರೀ ‘ಆಕ್ಸೆಸ್ ಪಾಯಿಂಟ್’ ಆಗಿ ಬಿಡಬೇಕು. ಮಂಚದ ಮೇಲೆ ಈಗ −41.

ಇದರ ಬದಲು ಅಂಗಡಿಯಲ್ಲಿ ಸಿಗುವ ರಿಪೀಟರ್ ಹಾಕಿದರಾಗದೇ ಎಂದು ಭಾವ ಕೇಳಿದರು. ಆಗುತ್ತದೆ, ಆದರೆ ಅಗ್ಗದ ರಿಪೀಟರುಗಳು ಕೇಳಿಸಿಕೊಂಡದ್ದನ್ನು ಅದೇ ಚಾನೆಲ್ಲಿನಲ್ಲಿ ಮತ್ತೆ ಹೇಳುತ್ತವೆ. ಪ್ರತಿ ಮಾತೂ ಎರಡು ಸಲ, ವೇಗ ಅರ್ಧ. ಹತ್ತು ಮೀಟರ್ ಕೇಬಲ್ ಎಳೆಯಲು ದಾರಿಯಿರುವ ಮನೆಯಲ್ಲಿ ರಿಪೀಟರ್ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಬಿಸಿಲಿನ ಊರಿಗೆ ಇನ್ನೊಂದು ಮಾತು ಸೇರಿಸಬೇಕು. ಮನೆಬಳಕೆಯ ಹೆಚ್ಚಿನ ರೂಟರುಗಳ ಪುಸ್ತಿಕೆಯಲ್ಲಿ 0ರಿಂದ 40 ಡಿಗ್ರಿ ತಾಪಮಾನದೊಳಗೆ ಬಳಸಿ ಎಂದು ಅಚ್ಚಾಗಿರುತ್ತದೆ. ನಮ್ಮ ಮೇ ತಿಂಗಳು ಆ ಗಡಿ ದಾಟಿದ್ದು. ಗಾಜಿನ ಶೋಕೇಸಿನೊಳಗೆ ಚಂದ ಕಾಣಲೆಂದು ಇಟ್ಟರೆ, ಅಥವಾ ತಗಡಿನ ಚಾವಣಿಗೆ ತಾಗಿಸಿ ಹಾಕಿದರೆ ಮಧ್ಯಾಹ್ನ ತಾನೇ ಆರಿ ಹೊತ್ತಿಕೊಳ್ಳಲು ಶುರುಮಾಡುತ್ತದೆ. ಗಾಳಿಯಾಡುವ ಎತ್ತರದ ಜಾಗ ಬೇಕು. ಕಡ್ಡಿ ಆಂಟೆನಾ ಇದ್ದರೆ ನೆಟ್ಟಗೆ ನಿಲ್ಲಿಸಿ. ಕಡ್ಡಿಯ ಸುತ್ತ ಅಲೆ ಹರಡುವುದು ಉದ್ದಿನ ವಡೆಯ ಆಕಾರದಲ್ಲಿ, ಸುತ್ತಲೂ ದಂಡಿಯಾಗಿ, ಕಡ್ಡಿಯ ತುದಿಯ ನೇರಕ್ಕೆ ಬರೀ ತೂತು. ಆಂಟೆನಾದ ತುದಿಯನ್ನು ಲ್ಯಾಪ್‌ಟಾಪಿನ ಕಡೆ ಬೊಟ್ಟು ಮಾಡಿ ತೋರಿಸುವವರು ತಿಳಿಯದೆ ಆ ತೂತನ್ನೇ ಅದರ ಕಡೆ ತಿರುಗಿಸಿರುತ್ತಾರೆ.

ಬ್ರಹ್ಮಪುರದಂಥ ಒತ್ತೊತ್ತಾದ ಓಣಿಯಲ್ಲಿ ಅಲೆ ಬಂದರಷ್ಟೇ ಸಾಲದು, ಮಾತಾಡಲು ಸರದಿಯೂ ಸಿಗಬೇಕು. ಹುಡುಗಿಯ ಮೊಬೈಲಿನಲ್ಲಿ ಹತ್ತೊಂಬತ್ತು ಮನೆಗಳ ವೈಫೈ ಹೆಸರು ಕಂಡವು. ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಪ್ರತಿ ಉಪಕರಣವೂ ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಪ್ರತಿ ಸಲವೂ ಬೇರೆಯಾಗುವ ಒಂದು ಚೂರು ಹೊತ್ತು ಕಾದು ಬಾಯಿ ತೆರೆಯುತ್ತದೆ. ಕಟ್ಟೆಯ ಮೇಲೆ ಕೂತ ಹಿರಿಯರ ಶಿಸ್ತು ಇದು. 2.4ರ ಪಟ್ಟಿಯಲ್ಲಿ ನಮ್ಮಲ್ಲಿ 13 ಚಾನೆಲ್ಲುಗಳಿವೆ, ಆದರೆ ಅವು ಒಂದರಿಂದ ಒಂದು 5 ಮೆಗಾಹರ್ಟ್ಸ್ ದೂರದಲ್ಲಿದ್ದು, ಪ್ರತಿಯೊಬ್ಬರ ಮಾತೂ 20 ಮೆಗಾಹರ್ಟ್ಸ್ ಅಗಲ ಹರಡುತ್ತದೆ. ಹೀಗಾಗಿ ಒಂದರ ಮೇಲೊಂದು ಬೀಳದಂತೆ ರೂಢಿಯಲ್ಲಿ ಆರಿಸಿಕೊಳ್ಳುವುದು 1, 6, 11 ಈ ಮೂರನ್ನು. ಓಣಿಯ ಹೆಚ್ಚಿನವರು 6ರಲ್ಲಿದ್ದರು, ನಾವು 1ಕ್ಕೆ ಸರಿದೆವು. 3 ಅಥವಾ 4ನ್ನು ಆರಿಸಿಕೊಂಡಿದ್ದರೆ ಎರಡೂ ಕಡೆಯವರ ಗದ್ದಲ ಕೇಳಬೇಕಾಗುತ್ತಿತ್ತು. ಒಂದೇ ಕೋಣೆಯೊಳಗೆ 5 ಗಿಗಾಹರ್ಟ್ಸ್ ಬಳಸುವುದು ಎಲ್ಲಕ್ಕಿಂತ ಒಳ್ಳೆಯದು. ಗೋಡೆ ದಾಟಲಾರದ ಅದರ ದೌರ್ಬಲ್ಯ ಇಲ್ಲಿ ಗುಣವಾಗುತ್ತದೆ, ನೆರೆಮನೆಯ ಗದ್ದಲವೂ ಒಳಗೆ ಬಾರದು.

ಇಷ್ಟೆಲ್ಲ ಯಾರ ಅಪ್ಪಣೆಯೂ ಇಲ್ಲದೆ ಮಾಡಬಹುದೆಂಬುದು ತೀರ ಹಳೆಯ ಮಾತಲ್ಲ. ವೈಫೈ ಮಾನದಂಡ ಹುಟ್ಟಿದ್ದು 1997ರಲ್ಲಿ. 2003ರಲ್ಲಿ ಇಂಟೆಲ್ಲಿನ ಸೆಂಟ್ರಿನೋ ಬಂದ ಮೇಲೆ ಲ್ಯಾಪ್‌ಟಾಪಿನೊಳಗೇ ಅದು ಸೇರಿಕೊಳ್ಳುವುದು ರೂಢಿಯಾಯಿತು. ಭಾರತ ಸರ್ಕಾರ 2.4ರ ಪಟ್ಟಿಯನ್ನು ಮನೆಯ ಒಳಗೂ ಹೊರಗೂ ಪರವಾನಗಿಯಿಲ್ಲದೆ ಬಳಸಬಹುದೆಂದು ಅಧಿಸೂಚನೆ ಹೊರಡಿಸಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಸನ್ನು ಹೊರಾಂಗಣಕ್ಕೂ ವಿಶಾಲವಾಗಿ ತೆರೆದದ್ದು 2018ರ ಅಕ್ಟೋಬರಿನಲ್ಲಿ. ಆ ಎರಡನೆಯ ದಿನಾಂಕ ಕಮಲಾಪುರದಲ್ಲಿ ಕೆಲಸಕ್ಕೆ ಬಂತು.

ಅದಕ್ಕೆ ಮುಂಚೆ ಹೆಸರಿಡುವ ಸಂಗತಿ. ಹುಡುಗಿಗೆ ತನ್ನ ವೈಫೈಗೆ ಕನ್ನಡದಲ್ಲೇ ಹೆಸರು ಬೇಕಿತ್ತು. ಮಾನದಂಡದ ಪ್ರಕಾರ ಹೆಸರಿಗೆ 32 ಬೈಟ್ ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಪ್ರತಿ ವರ್ಣಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಮೂರು ಬೇಕು. ‘ಕಲಬುರಗಿ’ ಅಂದರೆ ಕ, ಲ, ಬ, ಉಕಾರದ ಕೊಂಬು, ರ, ಗ, ಗುಡಿಸು. ಏಳು ಚಿಹ್ನೆ, 21 ಬೈಟ್. ನಡುವೆ ಖಾಲಿ ಜಾಗಕ್ಕೆ ಒಂದು. ‘ಮನೆ’ಗೆ ಒಂಬತ್ತು. ‘ಕಲಬುರಗಿ ಮನೆ’ ಒಟ್ಟು 31. ಇನ್ನೊಂದು ಕನ್ನಡ ಅಕ್ಷರಕ್ಕೆ ಜಾಗವಿಲ್ಲ! ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಹದಿನೆಂಟು ಇಂಗ್ಲಿಷ್ ಹೆಸರುಗಳ ನಡುವೆ ಆ ಹೆಸರು ಮೂಡಿದಾಗ ಅಕ್ಕ ಒಲೆ ಬಿಟ್ಟು ಬಂದು ನೋಡಿದಳು.

ಪಾಸ್‌ವರ್ಡ್ ಮಾತ್ರ ಕನ್ನಡ ಲಿಪಿಯಲ್ಲಿ ಆಗದು. ಈಗ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಭದ್ರತೆ ಇಂಗ್ಲಿಷ್ ಕೀಲಿಮಣೆಯ 8ರಿಂದ 63 ಅಕ್ಷರಗಳನ್ನು ಒಪ್ಪುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ನೆನಪಿಡಲು ಸುಲಭ, ಒಡೆಯಲು ಕಷ್ಟ. ಮೊಬೈಲ್ ನಂಬರನ್ನೇ ಇಡಬೇಡಿ, ಓಣಿಗೆಲ್ಲ ಗೊತ್ತಿರುತ್ತದೆ. ರೂಟರಿನ ಆಡಳಿತ ಪುಟಕ್ಕೆ ‘ಅಡ್ಮಿನ್’ ಎಂದೇ ಬಂದಿರುವ ಪಾಸ್‌ವರ್ಡನ್ನು ಅದೇ ದಿನ ಬದಲಿಸಿ. ಹಳೆಯ ರೂಟರಿನಲ್ಲಿ ಡಬ್ಲ್ಯುಇಪಿ ಎಂಬ ಆಯ್ಕೆ ಕಂಡರೆ ಮುಟ್ಟಬೇಡಿ, ಅದರ ಬೀಗ 2001ರಲ್ಲೇ ಮುರಿದಿದೆ.

ಇನ್ನು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಬಯಲಿನ ಕರಿಮಣ್ಣು ಮುಗಿದು ನೆಲ ಏರಿಳಿಯತೊಡಗುವಲ್ಲಿ ಸಿಗುವ ಊರು. 2017ರಲ್ಲಿ ಬೀದರ್ ರೈಲು ದಾರಿಯೂ ತೆರೆಯಿತು. ಆದರೆ ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯೇ ಇಂದಿಗೂ ಊರಿನ ಗುರುತು. ಭಾವನ ತಮ್ಮನಿಗೆ ಅಲ್ಲಿ ತೋಟವಿದೆ. ಊರೊಳಗಿನ ಮನೆಗೆ ಫೈಬರ್ ಬಂದಿದೆ. ಮಗ ಡಿಗ್ರಿ ಓದುತ್ತ ತೋಟದ ಮನೆಯಲ್ಲಿ ಇರುತ್ತಾನೆ, ನೀರು ಬಿಡುವುದು ಅವನ ಪಾಳಿ. ನಡುವೆ ಇನ್ನೂರು ಮೀಟರ್, ಅದರ ತುಂಬ ಬಾಳೆ.

ಯಾರೋ ಒಬ್ಬ ಅಂಗಡಿಯವ ಅವರಿಗೆ ‘ಹೈ ಪವರ್’ ರೂಟರ್ ಮಾರಿದ್ದ. ತೋಟದ ಮನೆಯಲ್ಲಿ ಲ್ಯಾಪ್‌ಟಾಪ್ ಆ ಹೆಸರನ್ನೂ ತೋರಿಸುತ್ತಿತ್ತು, ಎರಡು ಗೆರೆಯನ್ನೂ ತೋರಿಸುತ್ತಿತ್ತು, ಒಂದು ಪುಟವೂ ತೆರೆಯುತ್ತಿರಲಿಲ್ಲ. ವೈಫೈ ಭಾಷಣವಲ್ಲ, ಸಂಭಾಷಣೆ. ರೂಟರ್ ಧ್ವನಿವರ್ಧಕದಲ್ಲಿ ಕೂಗಿದ್ದು ಈಚೆ ಕೇಳುತ್ತದೆ, ಬರೀ ಬ್ಯಾಟರಿಯ ಮೇಲೆ ಬದುಕುವ ಲ್ಯಾಪ್‌ಟಾಪಿನ ಮೆಲುದನಿ ಆಚೆ ತಲುಪುವುದಿಲ್ಲ. ಪ್ರತಿ ತುಣುಕಿಗೂ ‘ತಲುಪಿತು’ ಎಂಬ ಉತ್ತರ ಬರಬೇಕು. ಬಾರದಿದ್ದರೆ ರೂಟರ್ ಅದನ್ನೇ ಮತ್ತೆ ಮತ್ತೆ ಹೇಳುತ್ತ ಕೂರುತ್ತದೆ.

ನಡುವೆ ಇದ್ದದ್ದಾದರೂ ಏನು? ಬಾಳೆಯ ದಿಂಡಿನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರು. ಹಣ್ಣಿನಲ್ಲೂ ಮುಕ್ಕಾಲು ಪಾಲು ನೀರೇ. ಸಾಲು ಸಾಲಾಗಿ ನಿಲ್ಲಿಸಿದ ನೀರಿನ ಕಂಬಗಳ ನಡುವಿನಿಂದ ಅಲೆ ದಾಟಿಸಲು ನೋಡಿದ್ದರು. ಅದರ ಮೇಲೆ ತೋಟದ ಮನೆಯ ಗೋಡೆ, ಚಾವಣಿ ಎರಡೂ ತಗಡು.

ಒಂದೇ ದಿಕ್ಕಿಗೆ ಅಲೆ ಬಿಡುವ ಎರಡು ಆಂಟೆನಾಗಳನ್ನು ತಂದೆವು, 5.8 ಗಿಗಾಹರ್ಟ್ಸಿನವು, ಅಂಗೈ ಅಗಲದ ಬಿಳಿ ಪೆಟ್ಟಿಗೆಗಳು. ಊರ ಮನೆಯ ಮಾಳಿಗೆಯ ಮೇಲೊಂದು, ತೋಟದ ಮನೆಗೆ ಕಟ್ಟಿದ ಪೈಪಿನ ಮೇಲೊಂದು, ಎದುರುಬದುರು. ಅಲ್ಲಿಂದ ಕೇಬಲ್ ಇಳಿಸಿ ತಗಡಿನ ಒಳಗೊಂದು ಚಿಕ್ಕ ರೂಟರ್. ಮಾಘ ಮಾಸ. ಬಾಳೆ ಇನ್ನೂ ಎದೆಮಟ್ಟ. ಸಂಖ್ಯೆ −49. ಎಲ್ಲರಿಗೂ ಸಂತೋಷ.

ಶ್ರಾವಣಕ್ಕೆ ಫೋನ್ ಬಂತು, ಮತ್ತೆ ಬರವಲ್ದು ಎಂದು. ಹೋಗಿ ನೋಡಿದರೆ −71. ಮಾಳಿಗೆಯ ಮೇಲೆ ನಿಂತು ನೋಡಿದರೆ ಆಚೆ ಪೆಟ್ಟಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಎಲೆಗಳು ಅದಕ್ಕೆ ಅಡ್ಡ ಬಂದಿರಲಿಲ್ಲ, ಒಂದು ಮೊಳ ಕೆಳಗೇ ಇದ್ದವು. ಕಣ್ಣಿಗೆ ದಾರಿ ಇದ್ದರೂ ಅಲೆಗೆ ಇರಲಿಲ್ಲ. ಅಲೆ ದಾರದಂತೆ ಹೋಗುವುದಿಲ್ಲ, ಎರಡು ತುದಿಯಲ್ಲಿ ಕಿರಿದಾಗಿ ನಡುವೆ ಉಬ್ಬಿದ ಕದಿರಿನಾಕಾರದ ಜಾಗ ಅದಕ್ಕೆ ಬೇಕು. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ಹೆಸರಿನಲ್ಲಿ ಅದನ್ನು ಫ್ರೆನೆಲ್ ವಲಯ ಅನ್ನುತ್ತಾರೆ. ನಡುಮಧ್ಯದಲ್ಲಿ ಅದರ ತ್ರಿಜ್ಯ ತಿಳಿಯಲು ಅಲೆಯುದ್ದವನ್ನು ದೂರದಿಂದ ಗುಣಿಸಿ, ವರ್ಗಮೂಲ ತೆಗೆದು, ಅರ್ಧ ಮಾಡಿ. 2.4ರಲ್ಲಿ 0.125 ಗುಣಿಸು 200, ಅಂದರೆ 25, ವರ್ಗಮೂಲ 5, ಅರ್ಧ ಎರಡೂವರೆ ಮೀಟರ್. 5.8ರಲ್ಲಿ ಅದು 1.6 ಮೀಟರಿಗೆ ಇಳಿಯುತ್ತದೆ. ಅದರ ನೂರಕ್ಕೆ ಅರವತ್ತರಷ್ಟಾದರೂ ತೆರವಾಗಿರಬೇಕು, ಎಂದರೆ ಎಲೆಯ ತುದಿಯಿಂದ ಮೇಲಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ನಾವು ಪೈಪು ನೆಟ್ಟದ್ದು ಎದೆಮಟ್ಟದ ಬಾಳೆಯನ್ನು ನೋಡಿ. ಬೆಳೆಯುವ ಬಾಳೆಯ ಲೆಕ್ಕ ಹಾಕಿರಲಿಲ್ಲ, ಆ ತಪ್ಪು ನನ್ನದು.

ಪೈಪಿಗೆ ಇನ್ನೊಂದು ಪೈಪು ಬೆಸೆದು ಆರಡಿ ಎತ್ತರಿಸಿದರು. ಮಾಳಿಗೆಯ ಕಡೆಯ ಕಂಬವನ್ನೂ ಅಷ್ಟೇ ಏರಿಸಿದೆವು. ಕಟ್ಟಡದ ಮೇಲೆ 5 ಮೀಟರಿಗಿಂತ ಎತ್ತರ ಹೋಗಬಾರದೆಂದು 2.4ರ ನಿಯಮದಲ್ಲಿದೆ, 5.8ಕ್ಕೂ ಅದೇ ಲೆಕ್ಕ ಇಟ್ಟುಕೊಂಡು ಅದರೊಳಗೇ ನಿಂತೆವು. ಹುಡುಗ ಲ್ಯಾಪ್‌ಟಾಪ್ ಹಿಡಿದು ಬಾವಿಯ ಕಟ್ಟೆಯ ಮೇಲೆ ಕೂತು ಸಂಖ್ಯೆ ಓದುತ್ತಿದ್ದ: −58, −52, −50. ಆ ಹೊತ್ತಿಗೆ ಮಳೆಯ ಮುಂಚಿನ ಗಾಳಿ ಎದ್ದಿತು. ಎಲೆಗಳು ಒಮ್ಮೆಲೇ ಮೇಲಕ್ಕೆ ಹಾರಿದಾಗ −54, ಕೆಳಕ್ಕೆ ಬಿದ್ದಾಗ −50. ಗಾಳಿ ನಿಲ್ಲುವವರೆಗೂ ಅವನು ಅದನ್ನೇ ಗಟ್ಟಿಯಾಗಿ ಓದುತ್ತ ಕೂತಿದ್ದ.